ಚೆಂಡನ್ನು ಕೆಳಗಿಟ್ಟ ಐದು ವರುಷ

ಭರತ ಹುಣ್ಣಿಮೆಯ ಜಾತ್ರೆ ಮುಗಿದು, ಯಲ್ಲಮ್ಮನ ಗುಡ್ಡಕ್ಕೆ ಹೋಗಿಬರುವ ಚಕ್ಕಡಿಗಳ ಗೆಜ್ಜೆಯ ಸಪ್ಪಳವೂ ‘ಉಧೋ ಉಧೋ’ ಎಂಬ ಕೂಗೂ ನಮ್ಮ ಉಗರಗೋಳದ ಓಣಿಗಳಿಂದ ಮರೆಯಾದ ನಾಲ್ಕಾರು ದಿವಸಗಳ ಮೇಲೆ, ಒಂದು ಸಂಜೆ ನಮ್ಮ ಹಳೆಯ ಶಿಷ್ಯರೊಬ್ಬರು ಮನೆಯ ಕಟ್ಟೆಯ ಮೇಲೆ ಬಂದು ಕುಳಿತರು. ಕಾಲು ತೊಳೆಯಲು ನೀರು ಕೊಟ್ಟರೆ ತೊಳೆಯಲಿಲ್ಲ. ಚಹಾ ಬಂದರೆ ಮುಟ್ಟಲಿಲ್ಲ. ಗೃಹಸ್ಥನಲ್ಲಿ ಇಂಥ ಲಕ್ಷಣಗಳು ಕಂಡುಬಂದಾಗ ಒಂದೋ ಹೊಲದ ತಕರಾರು, ಇಲ್ಲವೆ ಮಕ್ಕಳ ತಕರಾರು ಒದಗಿರಬೇಕೆಂಬುದನ್ನು, ಬಹುಕಾಲ ಶಾಲೆಯಲ್ಲಿ ಕಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲದ್ದಲ್ಲವೆಂದು ಕೂಡಲೆ ತಿಳಿಯಿತು.

ಅವರ ಮಗನು ಹುಬ್ಬಳ್ಳಿಯ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರುಷದಲ್ಲಿ ಓದುತ್ತಿರುವನು. ಓದಿನಲ್ಲಿ ಮಂದನಲ್ಲ. ಆದರೆ ಕಾಲ್ಚೆಂಡಿನ ಆಟದಲ್ಲಿ ಅವನಿಗೆ ಹೆಸರು ಬಂದಿದೆ. ಕಾಲೇಜಿನ ತಂಡದಿಂದ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ದಿರುವರು. ಪಂದ್ಯಗಳು ಪರೀಕ್ಷೆಯ ತಿಂಗಳಲ್ಲಿಯೇ ಬಂದಿವೆ. ಹುಡುಗನು ಪರೀಕ್ಷೆ ಬಿಡುವೆನೆನ್ನುತ್ತಾನೆ. ಮುಂದೆ ಕಾಲೇಜನ್ನೇ ಬಿಟ್ಟು ಬೆಂಗಳೂರಿಗೆ ಹೋಗಿ ಯಾವದಾದರೂ ಕ್ಲಬ್ಬಿನಲ್ಲಿ ಸೇರುವ ವಿಚಾರವೂ ಇದೆಯಂತೆ.

“ಗುರುಗಳ, ನಿಮ್ಮ ಮಾತಾದ್ರ ಅಂವಾ ಕೇಳತಾನ್ರಿ,” ಎಂದು ಅವರು ತಲೆ ತಗ್ಗಿಸಿಯೇ ಹೇಳಿದರು. “ಫೀ ಕಟ್ಟಾಕ ಎರಡು ವರ್ಷದ ಹತ್ತಿ ಹಾಕೀನಿ. ಒಂದು ಜೋಡ ಎತ್ತೂ ಹೋದವು. ಈಗ ನೋಡಿದ್ರ ಚೆಂಡಿನ ಬೆನ್ನ ಹತ್ಯಾನ. ನೀವಾದ್ರೂ ಬುದ್ಧಿ ಹೇಳ್ರಿ.”

ಮೊದಲು ಹುಡುಗನನ್ನು ಕಳಿಸೆಂದೆವು. ಬುದ್ಧಿ ಹೇಳುವದು ನಮಗೆ ಕಷ್ಟದ ಕೆಲಸವಲ್ಲ. ಅದರಲ್ಲಿಯೇ ಕೂದಲು ನರೆತಿವೆ. ಆದರೆ ಒಮ್ಮೆ ಹೀಗೆಯೇ ಬುದ್ಧಿ ಹೇಳಿದ ಒಂದು ಸಂಗತಿಯು ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿರುವದರಿಂದ, ಈ ಸಲ ಎರಡೂ ಕಡೆಯ ಮಾತನ್ನು ಕೇಳದೆ ತುಟಿ ಬಿಚ್ಚಬಾರದೆಂದು ನಿಶ್ಚಯಿಸಿದೆವು. ಆ ಸಂಗತಿಯನ್ನು ಮುಂದೆ ಹೇಳುವೆವು.

ಮರುದಿನ ಮುಂಜಾನೆ ಹುಡುಗನು ಬಂದನು. ಕಾಲುಮುಟ್ಟಿ ನಮಸ್ಕರಿಸಿ, ಕಟ್ಟೆಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತನು. “ಅಜ್ಜಾರ, ಪರೀಕ್ಷಾ ಬರೋ ವರ್ಷಾನೂ ಬರತೈತ್ರಿ, ಈ ಕಾಲಾಗಿನ ಕಸುವು ಬರಾಂಗಿಲ್ಲ” ಎಂಬುದು ಅವನ ಮೊದಲನೆಯ ಮಾತು. ಇದಕ್ಕೆ ತಟ್ಟನೆ ಕೊಡತಕ್ಕ ಉತ್ತರವು ನಮ್ಮಲ್ಲಿರಲಿಲ್ಲ. ತಂಡದಲ್ಲಿ ನಿನ್ನ ಕೆಲಸವೇನೆಂದು ಕೇಳಿದೆವು. ತಾನು ನಡುವೆ ನಿಂತು, ಚೆಂಡು ತನ್ನ ಬಳಿಗೆ ಬಂದೊಡನೆ ಯಾರು ಎಲ್ಲಿ ಓಡುತ್ತಿರುವರೆಂಬುದನ್ನು ನೋಡಿ ಮುಂದಿನವರಿಗೆ ದಾಟಿಸುವವನೆಂದೂ, ಗೋಲು ಹೊಡೆಯುವ ಹೆಸರು ಬೇರೆಯವರಿಗೆ ಹೋದರೂ ಆಟವೆಲ್ಲ ತನ್ನ ಕಾಲಿನ ಮೂಲಕವೇ ಹಾಯುವದೆಂದೂ ಹೇಳಿದನು. ಆಮೇಲೆ ಕೈಯಲ್ಲಿದ್ದ ಫೋನನ್ನು ತೆರೆದು, “ಅಮೇರಿಕಾದಾಗ ಇಂಥಾವ್ನಿಗೆ ಕ್ವಾರ್ಟರ್‌ಬ್ಯಾಕ್ ಅಂತಾರ್ರಿ, ನೋಡ್ರಿ” ಎಂದು ಒಂದು ಆಟವನ್ನು ತೋರಿಸಿದನು.

ಆ ದೇಶದವರು ಫುಟ್‌ಬಾಲ್ ಎಂದು ಕರೆಯುವ ಈ ಆಟದಲ್ಲಿ ಕಾಲಿನ ಕೆಲಸ ಕಡಮೆ. ಚೆಂಡು ಗುಂಡಗಿರದೆ ಎರಡೂ ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ದರೆ ಮತ್ತೆ ನಾಲ್ಕು ಪ್ರಯತ್ನಗಳು ದೊರೆಯುವವು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲಾಗುವದು. ಪ್ರತಿಯೊಂದು ಪ್ರಯತ್ನದಲ್ಲಿಯೂ ಒಬ್ಬನು ಬಗ್ಗಿ ನಿಂತು ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುತ್ತಾನೆ. ಅದನ್ನು ಹಿಡಿಯುವವನೇ ಕ್ವಾರ್ಟರ್‌ಬ್ಯಾಕ್. ಅವನಿಗೆ ಇರುವ ಅವಕಾಶ ಮೂರು ನಾಲ್ಕು ಸೆಕೆಂಡುಗಳು. ಎದುರಿನಿಂದ ಕೋಣಗಳಂಥ ಆಳುಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುವಾಗಲೇ, ಮೊದಲೇ ಕಂಠಪಾಠ ಮಾಡಿಕೊಂಡ ನೂರಾರು ಹಂಚಿಕೆಗಳಲ್ಲಿ ಯಾವದು ಈಗ ಒದಗುವದೆಂಬುದನ್ನು ಗೊತ್ತುಮಾಡಿ, ಚೆಂಡನ್ನು ಪಕ್ಕದವನಿಗೆ ಕೊಡಬೇಕು, ದೂರದಲ್ಲಿ ಓಡುತ್ತಿರುವವನ ಕೈಗೆ ಎಸೆಯಬೇಕು, ಇಲ್ಲವೆ ತಾನೇ ಓಡಬೇಕು. ನಮಗೆ ನಮ್ಮ ಸಂಸ್ಕೃತ ನಾಟಕಗಳ ಸೂತ್ರಧಾರನ ನೆನಪಾಯಿತು. ಭೇದವಿಷ್ಟೇ: ಸೂತ್ರಧಾರನು ಪ್ರಸ್ತಾವನೆ ಮುಗಿಸಿ ಒಳಗೆ ಹೋದರೆ ಅವನನ್ನು ಯಾರೂ ಬೆನ್ನಟ್ಟಿ ನೆಲಕ್ಕೆ ಅಪ್ಪಳಿಸುವದಿಲ್ಲ.

ಅಲ್ಲಿಯ ಕಾಲೇಜುಗಳಲ್ಲಿ ಈ ಆಟಕ್ಕಿರುವ ವೈಭವವನ್ನು ಕೇಳಿದರೆ ನಮ್ಮ ಗೃಹಸ್ಥರು ಬೆರಗಾಗುವರು. ಮಿಶಿಗನ್ ವಿಶ್ವವಿದ್ಯಾಲಯದ ಆಟದ ಬಯಲಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನರು ಕೂಡಲು ಸ್ಥಳವಿದೆ. 2021ರಿಂದ ಈಚೆಗೆ ಆಟಗಾರ ವಿದ್ಯಾರ್ಥಿಗಳು ತಮ್ಮ ಹೆಸರು ಮತ್ತು ಚಿತ್ರಗಳಿಂದ ಹಣ ಗಳಿಸಲಿಕ್ಕೂ ಅನುಮತಿ ದೊರೆತಿದೆ. ಆದರೆ ಕಾಲೇಜಿನಲ್ಲಿ ಈ ಆಟವನ್ನಾಡುವವರೊಳಗೆ ಅದನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳುವ ಮಟ್ಟಕ್ಕೆ ಏರುವವರು ನೂರಕ್ಕೆ ಇಬ್ಬರೂ ಅಲ್ಲ. ಈ ಲೆಕ್ಕವನ್ನು ಹುಡುಗನು ತಾನಾಗಿ ಹೇಳಲಿಲ್ಲ. ನಾವು ಕೆದಕಿ ಕೇಳಿದ ಮೇಲೆ ಫೋನಿನಲ್ಲಿಯೇ ಹುಡುಕಿ, ಸ್ವಲ್ಪ ಸಣ್ಣ ದನಿಯಲ್ಲಿ ಓದಿದನು.

ಅವನು ಮೆಚ್ಚಿದ ಆಟಗಾರನು ಯಾರೆಂದು ಕೇಳಲು ಆಂಡ್ರೂ ಲಕ್ ಎಂಬವರ ಹೆಸರನ್ನು ಹೇಳಿದನು. ಇವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳ ವಿನ್ಯಾಸವನ್ನು ಅಭ್ಯಾಸ ಮಾಡುತ್ತಿದ್ದ ಕ್ವಾರ್ಟರ್‌ಬ್ಯಾಕ್. 2010ರ ಆಟಗಳಾದ ಮೇಲೆ, ವೃತ್ತಿತಂಡಗಳು ಹುಡುಗರನ್ನು ಆಯ್ದುಕೊಳ್ಳುವ ವಾರ್ಷಿಕ ಸಮಾರಂಭದಲ್ಲಿ ಇವರ ಹೆಸರೇ ಮೊಟ್ಟಮೊದಲು ಬರುವದೆಂದು ಎಲ್ಲರೂ ನಂಬಿದ್ದರು. ಆದರೆ 2011ರ ಜನೇವರಿಯಲ್ಲಿ ಇವರು, ತಾನು ಪದವಿಯನ್ನು ಮುಗಿಸಿಯೇ ಹೊರಡುವೆನೆಂದು ಹೇಳಿ ಕಾಲೇಜಿನಲ್ಲಿಯೇ ಉಳಿದರು. ಆ ಒಂದು ವರುಷದಲ್ಲಿ ಮೊಣಕಾಲು ಮುರಿದಿದ್ದರೆ ಕೋಟಿಗಟ್ಟಲೆ ಹಣ ನೀರಿನಲ್ಲಿ ಹೋಗುತ್ತಿತ್ತು. ಮುರಿಯಲಿಲ್ಲ. 2012ರಲ್ಲಿ ಮೊದಲನೆಯವರಾಗಿಯೇ ಆಯ್ಕೆಯಾಗಿ ಇಂಡಿಯಾನಾಪೊಲಿಸಿನ ತಂಡವನ್ನು ಸೇರಿದರು. ಮುಂದೆ ಭುಜಕ್ಕೆ, ಮೂತ್ರಪಿಂಡಕ್ಕೆ, ಕಾಲಿಗೆ ಪೆಟ್ಟಿನ ಮೇಲೆ ಪೆಟ್ಟು ಬಿದ್ದು, 2017ರ ಇಡೀ ವರುಷ ಆಡಲಾಗದೆ, ಮತ್ತೆ ಎದ್ದು ಆಡಿ, ಕೊನೆಗೆ 2019ರ ಆಗಸ್ಟಿನಲ್ಲಿ, ಇನ್ನೂ 29ನೆಯ ವಯಸ್ಸಿನಲ್ಲಿಯೇ ಆಟಕ್ಕೆ ಕೈಮುಗಿದರು. ಆ ಸುದ್ದಿ ಪಂದ್ಯ ನಡೆದಿರುವಾಗಲೇ ಹಬ್ಬಿ, ಅವರು ಮೈದಾನದಿಂದ ಹೊರಟಾಗ ಅವರ ಊರಿನ ಪ್ರೇಕ್ಷಕರೇ ಕೂಗಾಡಿ ಅವಮಾನಿಸಿದರು. ಏಳು ವರುಷ ಯಾರ ಸಲುವಾಗಿ ಎಲುಬು ಮುರಿಸಿಕೊಂಡರೋ ಅವರೇ! ತರುವಾಯ ಲಕ್ ಅವರು ತಮ್ಮ ಹಳೆಯ ವಿಶ್ವವಿದ್ಯಾಲಯಕ್ಕೇ ಹೋಗಿ ಶಿಕ್ಷಣಶಾಸ್ತ್ರವನ್ನು ಅಭ್ಯಾಸ ಮಾಡಿದರು. 2024ರ ನವೆಂಬರದಲ್ಲಿ ಅಲ್ಲಿಯ ತಂಡದ ಆಡಳಿತವನ್ನೇ ಅವರಿಗೆ ಒಪ್ಪಿಸಲಾಯಿತು.

ಹುಡುಗನು ಇದನ್ನೆಲ್ಲ ಲಕ್ ಅವರ ಎಸೆತಗಳ ಬಗ್ಗೆ ಹೇಳುವ ಉತ್ಸಾಹದಲ್ಲಿ ಹೇಳಿದನೇ ಹೊರತು, ಪದವಿಯ ಮಾತು ಅವನ ಕಿವಿಯ ಪಕ್ಕದಲ್ಲಿಯೇ ಹಾದುಹೋಗಿತ್ತು. ನಾವೂ ಆಗ ಅದನ್ನು ಎತ್ತಿ ತೋರಿಸಲಿಲ್ಲ. ಪರದೇಶದ ಕಥೆಯಿಂದ ಹೊಡೆದರೆ ಹುಡುಗರಿಗೆ ನೋವಾಗುವದಿಲ್ಲ. “ನಮ್ಮ ನಾಡಿನಲ್ಲಿಯೇ ಇಂಥದೊಂದು ನಡೆದಿದೆ, ಗೊತ್ತೇನು? ಪ್ರಸನ್ನ ಎಂಬ ಹೆಸರು ಕೇಳಿದ್ದೀಯಾ?” ಎಂದೆವು. ಕೇಳಿದ್ದನು, ಹಿಂದಿನ ಕಾಲದ ಯಾವನೋ ಸ್ಪಿನ್ ಬೌಲರ್ ಎಂದಷ್ಟೇ.

ವಾಚಕರಲ್ಲಿ ಹಿರಿಯರಿಗೆ ಈ ಹೆಸರಿನ ಪರಿಚಯವನ್ನು ಮಾಡಿಕೊಡುವ ಅಗತ್ಯವಿಲ್ಲ. ಎರಪಳ್ಳಿ ಅನಂತರಾವ್ ಶ್ರೀನಿವಾಸ ಪ್ರಸನ್ನರು 1940ರ ಮೇ 22ರಂದು ಬೆಂಗಳೂರಿನಲ್ಲಿ ಹುಟ್ಟಿದವರು. ಮೈಸೂರಿನ ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್ ಎಂಬ ಕಾಲೇಜಿನ ವಿದ್ಯಾರ್ಥಿ. ಓದುತ್ತಿರುವಾಗಲೇ, 1962ರ ಜನೇವರಿಯಲ್ಲಿ, ಮದರಾಸಿನಲ್ಲಿ ಇಂಗ್ಲಂಡಿನ ವಿರುದ್ಧ ಭಾರತದ ಪರವಾಗಿ ಮೊದಲನೆಯ ಟೆಸ್ಟ್ ಪಂದ್ಯವನ್ನಾಡಿದರು. ಆಗ ಅವರಿಗೆ ಇಪ್ಪತ್ತೊಂದು ವರುಷ. ಕೂಡಲೆ ವೆಸ್ಟ್ ಇಂಡೀಸಿನ ಪ್ರವಾಸಕ್ಕೂ ಕರೆ ಬಂದಿತು. ಆ ಪ್ರವಾಸವು ಭಾರತಕ್ಕೆ ಶುಭವಾಗಲಿಲ್ಲ. ಐದು ಟೆಸ್ಟುಗಳಲ್ಲಿ ಐದನ್ನೂ ಸೋತರು; ನಾಯಕ ನಾರಿ ಕಂಟ್ರಾಕ್ಟರರ ತಲೆಗೆ ವೇಗದ ಚೆಂಡು ಬಡಿದು ಪ್ರಾಣಕ್ಕೇ ಸಂಚಕಾರ ಬಂದಿತು; ಇಪ್ಪತ್ತೊಂದು ವರುಷದ ಪಟೌಡಿಯವರು ನಡುವೆಯೇ ನಾಯಕರಾಗಬೇಕಾಯಿತು. ಪ್ರಸನ್ನರಿಗೆ ಆಡಲು ಸಿಕ್ಕಿದ್ದು ಕಿಂಗ್‌ಸ್ಟನ್ನಿನಲ್ಲಿ ಒಂದೇ ಟೆಸ್ಟು.

ಹಿಂದಿರುಗಿ ಬಂದವರು ಚೆಂಡನ್ನು ಕೆಳಗಿಟ್ಟು ಪುಸ್ತಕವನ್ನು ಹಿಡಿದರು. ಇಂಜಿನಿಯರಿಂಗ್ ಪದವಿಯು ಮುಗಿಯಬೇಕಾಗಿತ್ತು. ಆ ಕಾಲದಲ್ಲಿ ಕ್ರಿಕೆಟ್ಟಿನಿಂದ ಒಲೆಯ ಮೇಲೆ ಪಾತ್ರೆ ಏರುತ್ತಿರಲಿಲ್ಲ. ಆಟಗಾರರಿಗೂ ಒಂದು ನೌಕರಿ ಬೇಕು, ನೌಕರಿಗೆ ಒಂದು ಪದವಿ ಬೇಕು. 1962ರ ಆ ಪ್ರವಾಸದಿಂದ 1967ರ ಜನೇವರಿಯವರೆಗೆ, ಅಂದರೆ ಐದು ವರುಷಗಳಿಗೆ ಸ್ವಲ್ಪ ಕಡಮೆ, ಭಾರತದ ಟೆಸ್ಟ್ ತಂಡದಲ್ಲಿ ಪ್ರಸನ್ನರ ಹೆಸರಿಲ್ಲ.

ಇಲ್ಲಿ ನಮ್ಮಂಥ ಮಾಸ್ತರರು ಮಾಡುವ ಒಂದು ಮೋಸವಿದೆ. “ನೋಡು, ಅವರು ಓದು ಮುಗಿಸಿ ಬಂದರು, ಬಂದ ಮೇಲೆ ದೊಡ್ಡವರಾದರು, ಏನೂ ನಷ್ಟವಾಗಲಿಲ್ಲ” ಎಂದು ನೆಟ್ಟಗೆ ಗೆರೆಯೆಳೆದು ಮುಗಿಸುವದು. ನಷ್ಟವಾಗಲಿಲ್ಲವೆನ್ನುವದು ಸುಳ್ಳು. ಹುಡುಗನ ಮುಂದೆ ನಾವು ಹಲಗೆ ಬಳಪ ತರಿಸಿ ಲೆಕ್ಕ ಹಾಕಿದೆವು. 1964ರಲ್ಲಿ ಇಂಗ್ಲಂಡಿನವರು ಬಂದು ಐದು ಟೆಸ್ಟುಗಳನ್ನಾಡಿದರು. ಅದೇ ವರುಷ ಆಸ್ಟ್ರೇಲಿಯದವರು ಬಂದು ಮೂರು ಆಡಿದರು. 1965ರಲ್ಲಿ ನ್ಯೂಝೀಲಂಡದವರು ನಾಲ್ಕು. ಹನ್ನೆರಡು ಟೆಸ್ಟುಗಳು, ಎಲ್ಲವೂ ನಮ್ಮದೇ ನೆಲದಲ್ಲಿ, ಸ್ಪಿನ್ ಹಾಕುವವನ ಚೆಂಡು ತಿರುಗುವ ನಮ್ಮ ಒಣ ಪಿಚ್ಚುಗಳ ಮೇಲೆ. ಪ್ರಸನ್ನರು ತಮ್ಮ ಆಯುಷ್ಯದಲ್ಲಿ ಆಡಿದ್ದು 49 ಟೆಸ್ಟುಗಳು, ಪಡೆದದ್ದು 189 ವಿಕೆಟ್ಟುಗಳು. ಪಂದ್ಯಕ್ಕೆ ನಾಲ್ಕಕ್ಕೆ ಸ್ವಲ್ಪ ಕಡಮೆ. ಆ ಲೆಕ್ಕದಿಂದ ಹನ್ನೆರಡು ಪಂದ್ಯಗಳಿಗೆ ಸುಮಾರು 46 ವಿಕೆಟ್ಟುಗಳು. ಇದು ತ್ರೈರಾಶಿಯ ಲೆಕ್ಕ. ಆಟವು ತ್ರೈರಾಶಿಗೆ ಬಗ್ಗುವದಿಲ್ಲವೆಂಬುದು ನಮಗೂ ಗೊತ್ತು. ಆದರೂ ಒಂದು ಪದವಿಯ ಬೆಲೆ ಎಷ್ಟೆಂಬುದು ಹುಡುಗನ ಕಣ್ಣಿಗೆ ಕಾಣಬೇಕಲ್ಲವೆ?

ಅಷ್ಟೇ ಅಲ್ಲ. ಬಿಟ್ಟ ಸ್ಥಳವು ಬರಿದಾಗಿ ಕಾಯುತ್ತ ಕೂಡುವದಿಲ್ಲ. 1964ರಲ್ಲಿ ಮೈಸೂರಿನ ಹುಡುಗ ಚಂದ್ರಶೇಖರರು, ಪೋಲಿಯೋದಿಂದ ಸೊರಗಿದ ಬಲಗೈಯಿಂದಲೇ ಚೆಂಡು ತಿರುಗಿಸುತ್ತ, ಹದಿನೆಂಟರ ವಯಸ್ಸಿನಲ್ಲಿ ತಂಡಕ್ಕೆ ಬಂದರು. ಅವರ ರೀತಿ ಬೇರೆಯಾದುದರಿಂದ ಪ್ರಸನ್ನರಿಗೆ ಅವರು ಪ್ರತಿಸ್ಪರ್ಧಿಯಲ್ಲ. ಆದರೆ 1965ರಲ್ಲಿ ಮದರಾಸಿನ ವೆಂಕಟರಾಘವನ್ ಬಂದರು. ಇವರು ಪ್ರಸನ್ನರಂತೆಯೇ ಆಫ್ ಸ್ಪಿನ್ ಹಾಕುವವರು, ಮತ್ತು ವಿನೋದವೆಂದರೆ ಇವರೂ ಇಂಜಿನಿಯರಿಂಗ್ ವಿದ್ಯಾರ್ಥಿಯೇ! ಅದೇ ವರುಷ ದಿಲ್ಲಿಯಲ್ಲಿ ನ್ಯೂಝೀಲಂಡಿನ ವಿರುದ್ಧ ಒಂದೇ ಟೆಸ್ಟಿನಲ್ಲಿ ಹನ್ನೆರಡು ವಿಕೆಟ್ಟುಗಳನ್ನು ಕಿತ್ತರು. ಒಂದು ತಂಡದಲ್ಲಿ ಇಬ್ಬರು ಆಫ್ ಸ್ಪಿನ್ನರುಗಳಿಗೆ ಯಾವಾಗಲೂ ಎಡೆ ದೊರೆಯುವದಿಲ್ಲ. ಈ ಪೈಪೋಟಿಯು ಪ್ರಸನ್ನರನ್ನು ಮುಂದೆ ಬಹುಕಾಲ ಬಿಡಲಿಲ್ಲ. 1971ರಲ್ಲಿ ಭಾರತವು ಇಂಗ್ಲಂಡಿನ ನೆಲದಲ್ಲಿ ಮೊದಲ ಸಲ ಸರಣಿಯನ್ನು ಗೆದ್ದಾಗ ಮೂರು ಟೆಸ್ಟುಗಳಲ್ಲಿಯೂ ಆಡಿದವರು ವೆಂಕಟರಾಘವನ್. ಪ್ರಸನ್ನರು ಒಂದನ್ನೂ ಆಡಲಿಲ್ಲ.

ಇಷ್ಟನ್ನು ಕೇಳಿ ಹುಡುಗನ ಮುಖವು ಅರಳಿತು. ತನ್ನ ಪಕ್ಷಕ್ಕೆ ಸಾಕ್ಷಿ ದೊರೆಯಿತೆಂದು ತಿಳಿದನು. ಉಳಿದರ್ಧವನ್ನೂ ಕೇಳೆಂದೆವು.

1967ರ ಜನೇವರಿಯಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅದೇ ಮದರಾಸಿನಲ್ಲಿ, ವೆಸ್ಟ್ ಇಂಡೀಸಿನ ವಿರುದ್ಧ ಪ್ರಸನ್ನರು ಮತ್ತೆ ಟೆಸ್ಟ್ ಆಡಲು ಇಳಿದರು. ಈಗ ಅವರು ಪದವೀಧರರು. 1967–68ರಲ್ಲಿ ಆಸ್ಟ್ರೇಲಿಯದಲ್ಲಿ ನಾಲ್ಕು ಟೆಸ್ಟುಗಳಿಂದ 25 ವಿಕೆಟ್ಟುಗಳನ್ನೂ, ಅಲ್ಲಿಂದಲೇ ನ್ಯೂಝೀಲಂಡಕ್ಕೆ ಹೋಗಿ ನಾಲ್ಕು ಟೆಸ್ಟುಗಳಿಂದ 24 ವಿಕೆಟ್ಟುಗಳನ್ನೂ ಪಡೆದರು. ಆಸ್ಟ್ರೇಲಿಯದಲ್ಲಿ ಭಾರತವು ನಾಲ್ಕಕ್ಕೆ ನಾಲ್ಕನ್ನೂ ಸೋತಿತು. ಸೋಲುವ ತಂಡದಲ್ಲಿ 25 ವಿಕೆಟ್ಟು ಪಡೆಯುವದು ಎಂಥದೆಂಬುದನ್ನು ಬರಗಾಲದಲ್ಲಿ ಬೆಳೆ ತೆಗೆದ ಒಕ್ಕಲಿಗನೇ ಬಲ್ಲನು. ನ್ಯೂಝೀಲಂಡಿನಲ್ಲಿ ಮೂರು ಗೆದ್ದು ಒಂದು ಸೋತು, ಹೊರದೇಶದಲ್ಲಿ ಸರಣಿ ಗೆಲ್ಲುವದೆಂದರೇನೆಂಬುದನ್ನು ಭಾರತವು ಮೊದಲ ಸಲ ಕಂಡಿತು. ಇಪ್ಪತ್ತು ಟೆಸ್ಟುಗಳಲ್ಲಿಯೇ ನೂರು ವಿಕೆಟ್ಟುಗಳು ತುಂಬಿದವು. ಅಷ್ಟು ಬೇಗ ನೂರನ್ನು ಮುಟ್ಟಿದ ಭಾರತೀಯನು ಬೇರೊಬ್ಬನಿರಲಿಲ್ಲ. 2013ರಲ್ಲಿ ಅಶ್ವಿನ್ ಅವರು ಹದಿನೆಂಟರಲ್ಲಿ ಮುಟ್ಟುವವರೆಗೆ ಆ ದಾಖಲೆಯು ನಾಲ್ಕು ದಶಕಗಳ ಮೇಲೆ ಪ್ರಸನ್ನರದಾಗಿಯೇ ಉಳಿಯಿತು. ಅಶ್ವಿನ್ ಅವರೂ ಇಂಜಿನಿಯರರೇ ಎಂಬುದನ್ನು ಹುಡುಗನೇ ನಡುವೆ ಬಾಯಿ ಹಾಕಿ ಹೇಳಿದನು.

ಅವರ ಚೆಂಡಿನ ವಿಶೇಷವನ್ನು ಬಲ್ಲವರು ಹೀಗೆ ವರ್ಣಿಸುವರು. ಗಿಡ್ಡ, ದುಂಡನೆಯ ಮೈಕಟ್ಟು. ನಾಲ್ಕು ಹೆಜ್ಜೆಯ ಓಟ. ಚೆಂಡು ಕೈಬಿಟ್ಟೊಡನೆ ದಾಂಡಿಗನ ಕಣ್ಣಿನ ಮಟ್ಟಕ್ಕಿಂತ ಮೇಲೇರುವದು. ಇದನ್ನು ಮುಂದೆ ಹೋಗಿ ಹೊಡೆಯಬಹುದೆಂದು ಅವನು ಕಾಲು ಚಾಚುವನು. ಚೆಂಡು ಮಾತ್ರ ಅವನೆಣಿಸಿದ ಸ್ಥಳಕ್ಕಿಂತ ಒಂದು ಗೇಣು ಹಿಂದೆಯೇ ಇಳಿದು, ಒಳಕ್ಕೆ ತಿರುಗಿ, ಅವನ ಲೆಕ್ಕವನ್ನು ತಪ್ಪಿಸುವದು. ಹೊಡೆಯುವವನ ಬುದ್ಧಿಯನ್ನು ಓದಿ ಎಸೆಯುವ ಈ ಕಲೆಯಲ್ಲಿ ಅವರಿಗೆ ಸರಿಸಮರು ಕಡಮೆ. ಆಸ್ಟ್ರೇಲಿಯದ ನಾಯಕ ಇಯಾನ್ ಚಾಪೆಲ್ಲರು ತಾವು ಎದುರಿಸಿದ ಸ್ಪಿನ್ನರುಗಳಲ್ಲಿ ಇವರನ್ನೇ ಅಗ್ರಗಣ್ಯರೆಂದು ಹೇಳಿರುವರು. ಇಂಜಿನಿಯರಿಂಗ್ ಓದಿದ್ದರಿಂದ ಚೆಂಡಿನ ಗತಿಯು ತಿಳಿಯಿತೆಂದು ನಾವು ಹೇಳಲಾರೆವು. ಹಾಗೆ ಹೇಳುವವರನ್ನು ನಂಬಲೂ ಬೇಡಿರಿ. ಓದು ಮುಗಿಸಿದ ಇಂಜಿನಿಯರರು ಸಾವಿರಾರು ಜನ, ಪ್ರಸನ್ನರು ಒಬ್ಬರೇ.

ನಮಗೆ ಅವರ ಹೆಸರು ಪ್ರಿಯವಾದದ್ದು 1974ರ ಮಾರ್ಚಿಯಲ್ಲಿ. ನಮಗಾಗ ಒಂಬತ್ತು ವರುಷ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಹಿಂದಿನ ನವೆಂಬರದಲ್ಲಿ. ನಮ್ಮ ಬೆಳಗಾವಿಯ ಸೀಮೆಯವರಿಗೆ ಆ ಹೆಸರಿನ ಮೇಲೆ ಎಷ್ಟು ಮಮತೆಯಿತ್ತೆಂಬುದನ್ನು ಬೇರೆ ಹೇಳಬೇಕೆ? ಹೊಸ ಹೆಸರು ಹೊತ್ತ ತಂಡಕ್ಕೆ ಪ್ರಸನ್ನರೇ ನಾಯಕರು. ರಣಜಿ ಪಂದ್ಯದ ಉಪಾಂತ್ಯದಲ್ಲಿ ಎದುರಿಗೆ ಬಂದದ್ದು ಮುಂಬಯಿ. 1958–59ರಿಂದ ಸತತ ಹದಿನೈದು ವರುಷ ಆ ಕರಂಡಕವನ್ನು ಯಾರಿಗೂ ಬಿಟ್ಟುಕೊಡದ ತಂಡ. ಬೆಂಗಳೂರಿನಲ್ಲಿ ವಿಶ್ವನಾಥರೂ ಬ್ರಿಜೇಶ ಪಟೇಲರೂ ನೂರು ನೂರು ಹೊಡೆದರು. ಗಾವಸ್ಕರರನ್ನು ಪ್ರಸನ್ನರು ನೇರವಾಗಿ ಬೌಲ್ಡ್ ಮಾಡಿದರು. ಮೊದಲನೆಯ ಸರದಿಯ ಮುನ್ನಡೆಯಿಂದ ಕರ್ನಾಟಕವು ಮುಂದೆ ಹೋಯಿತು. ಜಯಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲನೆಯ ಸಲ ರಣಜಿ ಕರಂಡಕವನ್ನು ತಂದರು. ನಮ್ಮೂರಲ್ಲಿ ರೇಡಿಯೋ ಇದ್ದ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಅಂಥ ಒಂದು ಮನೆಯ ಪಡಸಾಲೆಯಲ್ಲಿ ಹಿರಿಯರು ಎಲೆಯಡಿಕೆ ಹಾಕುವದನ್ನೂ ಮರೆತು ಕುಳಿತಿದ್ದರು. ಕ್ರಿಕೆಟ್ಟೆಂದರೇನೆಂದು ತಿಳಿಯದ ನಾವು ಬಾಗಿಲ ಸಂದಿಯಲ್ಲಿ ನಿಂತು ‘ಪ್ರಸನ್ನ’ ಎಂಬ ಹೆಸರನ್ನಷ್ಟೇ ಕಲಿತೆವು.

ಈ ದಾರಿಯಲ್ಲಿ ಅವರೊಬ್ಬರೇ ನಡೆದದ್ದಲ್ಲ. ಬೆಂಗಳೂರಿನ ಅನಿಲ ಕುಂಬ್ಳೆಯವರು ಆರ್.ವಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವಾಗಲೇ 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದರು. ಎರಡನೆಯ ಟೆಸ್ಟಿಗೆ 1992ರವರೆಗೆ ಕಾಯಬೇಕಾಯಿತು. ಕೊನೆಗೆ 619 ವಿಕೆಟ್ಟುಗಳು. ಮೈಸೂರಿನ ಶ್ರೀನಾಥರೂ ಇಂಜಿನಿಯರಿಂಗ್ ಕಾಲೇಜಿನಿಂದ ಬಂದವರೇ. ನಮ್ಮ ಕಡೆಯ ಗದುಗಿನ ಸುನೀಲ ಜೋಶಿಯವರು, ಹುಡುಗನಾಗಿದ್ದಾಗ ನಸುಕಿನಲ್ಲಿ ಗಾಡಿ ಹತ್ತಿ ಹುಬ್ಬಳ್ಳಿಗೆ ಹೋಗಿ ಆಡಿ, ಶಾಲೆಯ ಹೊತ್ತಿಗೆ ಗದುಗಿಗೆ ಹಿಂದಿರುಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ಓಟಗಳನ್ನು ಕೊಟ್ಟು ಐದು ವಿಕೆಟ್ಟು ಪಡೆದವರು ಇವರೇ. ಎತ್ತರಕ್ಕೆ ಏರಿದವರ ಹೆಸರುಗಳನ್ನು ಎಣಿಸುವದು ಸುಲಭ.

ಏರದವನೊಬ್ಬನ ಮಾತನ್ನು ಈಗ ಹೇಳಬೇಕು. ಆಗ ನಾವು ಬೇರೊಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆವು. ಹತ್ತನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದನು. ಖೋ ಖೋ ಆಟದಲ್ಲಿ ಅವನನ್ನು ಮುಟ್ಟುವವರಿರಲಿಲ್ಲ. ಕಂಬದ ಬಳಿ ಮೈ ತಿರುಗಿಸಿದರೆ ಬೆನ್ನಟ್ಟುವವನ ಕೈಗೆ ಗಾಳಿಯಷ್ಟೇ ಸಿಗುತ್ತಿತ್ತು. ಜಿಲ್ಲೆಯ ತಂಡಕ್ಕೆ ಆಯ್ಕೆಯಾಗಿ ಪರಸ್ಥಳಕ್ಕೆ ಹೋಗುವ ಅವಕಾಶ ಬಂದಿತು. ಪರೀಕ್ಷೆಗೆ ಎರಡು ತಿಂಗಳು ಉಳಿದಿದ್ದವು. ಒಪ್ಪಿಗೆಯ ಪತ್ರಕ್ಕೆ ತರಗತಿಯ ಶಿಕ್ಷಕರ ರುಜು ಬೇಕಾಗಿತ್ತು. ನಾವು ಹಾಕಲಿಲ್ಲ. “ಆಟ ಹೊಟ್ಟೆಗೆ ಹಾಕುವದಿಲ್ಲ, ಓದು” ಎಂದೆವು. ಹುಡುಗನು ಎದುರುತ್ತರ ಕೊಡಲಿಲ್ಲ. ಪತ್ರವನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು ಹೋದನು. ಎರಡನೆಯ ವರ್ಗದಲ್ಲಿ ಪಾಸಾದನು. ಮುಂದೆ ಓದಲು ಮನೆಯಲ್ಲಿ ಅನುಕೂಲವಿರಲಿಲ್ಲ, ಆಡಲೂ ಇಲ್ಲ. ಅಂದರೆ ಯಾವ ಓದಿನ ಸಲುವಾಗಿ ನಾವು ಆಟವನ್ನು ಕಸಿದುಕೊಂಡೆವೋ ಆ ಓದೂ ಅವನಿಗೆ ದಕ್ಕಲಿಲ್ಲ. ಅವನ ಮನೆಯ ಸ್ಥಿತಿ ನಮಗೆ ಗೊತ್ತಿರದೆ ಇರಲಿಲ್ಲ. ವಿಚಾರಿಸಲಿಲ್ಲ, ಅಷ್ಟೇ.

ಈಗ ಅವನು ಗುಡ್ಡದ ಹಾದಿಯಲ್ಲಿ ಕಾಯಿ, ಕರ್ಪೂರ, ಕುಂಕುಮ, ಭಂಡಾರ ಮಾರುವ ಅಂಗಡಿಯನ್ನಿಟ್ಟಿರುವನು. ಮಕ್ಕಳೊಂದಿಗ. ನಮ್ಮನ್ನು ಕಂಡರೆ ಎದ್ದು ನಿಲ್ಲುವನು. ಕಾಯಿಯ ಹಣ ತೆಗೆದುಕೊಳ್ಳುವದಿಲ್ಲ. ಎರಡು ವರುಷಗಳ ಹಿಂದೆ ಬನದ ಹುಣ್ಣಿಮೆಯಂದು ಅವನ ಅಂಗಡಿಯ ಮುಂದೆ ನಿಂತಿದ್ದಾಗ, ಗಿರಾಕಿಗಳಿಗೆ ಕುಂಕುಮ ಕಟ್ಟಿಕೊಡುತ್ತಲೇ, ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, “ಗುರುಗಳ, ಆ ವರ್ಷದ ಖೋ ಖೋದಾಗ ಯಾರು ಗೆದ್ರು, ನಿಮಗೇನರ ಗೊತ್ತೈತೇನ್ರಿ?” ಎಂದು ಕೇಳಿದನು. ಇಪ್ಪತ್ತಕ್ಕೂ ಹೆಚ್ಚು ವರುಷಗಳು ಕಳೆದಿದ್ದವು. ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂಬ ವಿಚಾರವೇ ನಮಗೆ ಎಂದೂ ಬಂದಿರಲಿಲ್ಲ.

ಪ್ರಸನ್ನರು ಚೆಂಡನ್ನು ಕೆಳಗಿಟ್ಟದ್ದಕ್ಕೂ, ಈ ಹುಡುಗನ ಕೈಯಿಂದ ನಾವು ಕಸಿದುಕೊಂಡದ್ದಕ್ಕೂ ಹೆಸರು ಒಂದೇ ಆಗಬಹುದು, ‘ಓದಿನ ಸಲುವಾಗಿ ಆಟ ಬಿಟ್ಟದ್ದು’ ಎಂದು. ಆದರೆ ಒಬ್ಬರಿಗೆ ಬಿಡುವ ಮೊದಲು ಆಡಿ ನೋಡುವ ಅವಕಾಶವಿತ್ತು, ಬಿಡುವದರ ಬೆಲೆ ಗೊತ್ತಿತ್ತು, ಮುಗಿಸಲು ನಿಜವಾಗಿಯೂ ಒಂದು ಓದಿತ್ತು. ಇನ್ನೊಬ್ಬನಿಗೆ ಇವುಗಳಲ್ಲಿ ಒಂದೂ ಇರಲಿಲ್ಲ. ಒಬ್ಬ ಮಾಸ್ತರನ ರುಜು ಮಾತ್ರ ಇರಲಿಲ್ಲ. ಇದನ್ನು ನಾವು ಹುಡುಗನಿಗೆ ಹೇಳಿದೆವು. ಅಂದೇ ಸಂಜೆ ಅವನ ತಂದೆಯನ್ನು ಕರೆಯಿಸಿ, ಮಗನ ಎದುರಿನಲ್ಲಿಯೇ ಅವರಿಗೂ ಹೇಳಿದೆವು.

ತಂದೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನಾವು ಒಂದು ಸಣ್ಣ ಪ್ರಶ್ನೆ ಕೇಳಿದೆವು. ಇದನ್ನು ಮೊದಲ ದಿನವೇ ಕೇಳಬೇಕಾಗಿತ್ತು. ಪಂದ್ಯಗಳು ಯಾವ ದಿನ, ಪರೀಕ್ಷೆಗಳು ಯಾವ ದಿನ? ಹುಡುಗನು ಫೋನು ತೆಗೆದು ಎರಡೂ ವೇಳಾಪತ್ರಿಕೆಗಳನ್ನು ಓದಿದನು. ಆರು ವಿಷಯಗಳಲ್ಲಿ ಪಂದ್ಯಗಳಿಗೆ ಅಡ್ಡ ಬರುವವು ಎರಡೇ! ತಂದೆಯು ಇಡೀ ವರುಷವೇ ಹೋಯಿತೆಂದು ತಿಳಿದಿದ್ದರು. ಮಗನು ಸಿಟ್ಟಿನ ಭರದಲ್ಲಿ ಅವರ ತಿಳುವಳಿಕೆಯನ್ನು ತಿದ್ದಿರಲಿಲ್ಲ. ಒಂದೇ ಮನೆಯಲ್ಲಿ ಉಂಡು ಮಲಗುವ ಇಬ್ಬರು ಹದಿನೈದು ದಿವಸ ಜಗಳಾಡಿ, ಒಂದು ಕಾಗದವನ್ನು ಕೂಡಿ ಓದಿರಲಿಲ್ಲ. ಉಳಿದ ನಾಲ್ಕು ವಿಷಯಗಳನ್ನು ಈಗಲೇ ಬರೆದು, ಆ ಎರಡನ್ನು ಮುಂದಿನ ಸಲ ಬರೆಯಬಹುದೆಂದು ಹುಡುಗನೇ ಒಪ್ಪಿದನು. ಬೆಂಗಳೂರಿನ ಕ್ಲಬ್ಬಿನ ಮಾತನ್ನು ಅವನು ಬಿಟ್ಟುಕೊಡಲಿಲ್ಲ, ನಾವೂ ಬಿಡಿಸಲಿಲ್ಲ. ಒಂದು ವರುಷದ ಮೇಲೆ ಪದವಿ ಕೈಯಲ್ಲಿರುವಾಗ ಆ ಮಾತನ್ನು ಮತ್ತೆ ಎತ್ತಲೆಂದು ತಂದೆಯು ಹೇಳಿದ್ದಕ್ಕೆ ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

“ಆ ಎರಡು ಪೇಪರಿನ ಫೀ ಮತ್ತ ಯಾರು ಕಟ್ಟಾವ್ರು?” ಎಂದು ತಂದೆಯು ಏಳುತ್ತ ಗೊಣಗಿದರು. ಸುಗ್ಗಿಗೆ ಬಂದಾಗ ಕಡಲೆ ಕೀಳಲು ಆಳಿನ ಬದಲು ತಾನೇ ನಿಲ್ಲುವೆನೆಂದು ಮಗನು ಹೇಳಿದನು. ಅಂದಿನ ಚಹಾವನ್ನು ಇಬ್ಬರೂ ಕುಡಿದರು.

ಪಂದ್ಯಗಳು ಮುಂದಿನ ತಿಂಗಳು. ಯಾರು ಗೆದ್ದರು, ಎಷ್ಟು ಗೋಲುಗಳಿಂದ ಗೆದ್ದರು ಎಂಬುದನ್ನು ಅದೇ ದಿನ ರಾತ್ರಿ ಫೋನು ಮಾಡಿ ತಿಳಿಸಬೇಕೆಂದು ಹುಡುಗನಿಗೆ ಹೇಳಿ ಕಳಿಸಿದ್ದೇವೆ. ಸೋತರೂ ತಿಳಿಸಬೇಕು. ಗುಡ್ಡದ ಹಾದಿಯ ಆ ಅಂಗಡಿಯವನಿಗೂ ಹೇಳಬೇಕಾಗಿದೆ.